ಮಗುವಿಲ್ಲದ ಬಾಣಂತನ

ಬೆಂಗಳೂರಿನಿಂದ ತುಮಕೂರಿಗೆ 70 ಕಿಲೋಮೀಟರ್. ಈ ದಾರಿಯಲ್ಲಿ ಎಲ್ಲೆಲ್ಲಿ ಹಂಪ್ ಇವೆ, ಎಲ್ಲೆಲ್ಲಿ ಟಾರು ಕಿತ್ತಿದೆ ಅಂತ ಈಗ ಕಣ್ಣು ಮುಚ್ಚಿ ಹೇಳಬಲ್ಲೆ. ಸೀಟ್ ಬೆಲ್ಟ್ ಕೆಳಗೆ ದಿಂಬು, ಮಂಡಿ ಕೆಳಗೆ ಇನ್ನೊಂದು ದಿಂಬು, ಮುಂದಿನ ಸೀಟು ಅರ್ಧ ಮಲಗಿಸಿತ್ತು. ನಮ್ಮನೆಯವರು ಜೀವನದಲ್ಲಿ ಮೊದಲ ಸಲ 40ರ ವೇಗ ದಾಟದೆ ಗಾಡಿ ಓಡಿಸಿದರು. ಹಿಂದಿನ ಲಾರಿಯವರೆಲ್ಲ ಹಾರ್ನ್ ಹೊಡೆದು ಬೈದುಕೊಂಡು ಮುಂದೆ ಹೋದರು. ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ಹೋಟೆಲುಗಳು ಕಂಡಾಗ "ನಿಲ್ಲಿಸ್ಲಾ?" ಅಂದರು. ನಿಲ್ಲಿಸಬಹುದು, ಇಳಿಯೋರು ಯಾರು? ಪಾರ್ಸಲ್ ತಂದು ಕಾರಲ್ಲೇ ತುತ್ತು ಮಾಡಿ ತಿನ್ನಿಸಿದರು. ಆಪರೇಷನ್ ಆಗಿ ಏಳನೇ ದಿನ ಅದು.

ಮನೆ ಬಾಗಿಲಲ್ಲಿ ಅಮ್ಮ ನಿಂತಿದ್ದಳು. ಬೆಳಗಿನ ರೈಲಿಗೇ ತಿಪಟೂರಿನಿಂದ ಬಂದಿದ್ದಾಳೆ. ಕೈಯಲ್ಲಿ ಕೆಂಪು ನೀರಿನ ತಟ್ಟೆ. ನಿವಾಳಿಸಿ, ನೀರು ಬೀದಿಗೆ ಚೆಲ್ಲಿ, ನನ್ನನ್ನು ಮೇಲಿಂದ ಕೆಳಗೆ ನೋಡಿ ಹೇಳಿದ ಮೊದಲ ಮಾತು: "ಹಂಗೇ ಬಗ್ಗಿರು, ನೆಟ್ಟಗಾಗ್ಬೇಡ." ಆಗು ಅಂದರೂ ಆಗುತ್ತಿರಲಿಲ್ಲ. ಹೊಟ್ಟೆಯ ಚರ್ಮ ಅಷ್ಟು ಬಿಗಿ. 74 ವರ್ಷಕ್ಕೆ ಬಗ್ಗಿದ ಅಮ್ಮ ಮುಂದೆ, 47ಕ್ಕೇ ಬಗ್ಗಿದ ಮಗಳು ಹಿಂದೆ, ಇಬ್ಬರೂ ನೆಲ ನೋಡಿಕೊಂಡು ರೂಮಿಗೆ ಹೋದೆವು. ನನ್ನ ಮಗಳು ಫೋಟೊ ತೆಗೆದಳು. ಚೆನ್ನಾಗಿ ಬಂದಿದೆ.

ಆಗಿದ್ದೇನು ಅಂತ ಹೇಳಿಬಿಡುತ್ತೇನೆ. ಎರಡು ವರ್ಷದ ಹಿಂದೆ ಬಲ ಮೊಲೆಯಲ್ಲಿ ಗಂಟು ಸಿಕ್ಕಿತು. ಕ್ಯಾನ್ಸರ್ ಅಂದರು, ಮೊಲೆ ತೆಗೆದರು, ಕಂಕುಳ ಗ್ರಂಥಿಗಳನ್ನೂ ತೆಗೆದರು. ಕೀಮೋ ಆಯಿತು, ರೇಡಿಯೇಷನ್ ಆಯಿತು. ಆ ಕಥೆ ಇಲ್ಲಿ ಬೇಡ. ಈ ಡಿಸೆಂಬರಿನಲ್ಲಿ ಮಾಡಿಸಿಕೊಂಡದ್ದು ಮೊಲೆಯನ್ನು ಮತ್ತೆ ಕಟ್ಟುವ ಆಪರೇಷನ್, ಡೀಪ್ ಫ್ಲ್ಯಾಪ್ ಅನ್ನುತ್ತಾರೆ. ರೇಡಿಯೇಷನ್ ಆದ ಜಾಗದಲ್ಲಿ ಸಿಲಿಕೋನ್ ಇಟ್ಟರೆ ಸುತ್ತ ಗಟ್ಟಿ ಪೊರೆ ಕಟ್ಟಿಕೊಂಡು ಹಿಂಡುವ ಸಂಭವ ಹೆಚ್ಚು, ನಿಮ್ಮ ಹೊಟ್ಟೆಯದನ್ನೇ ತೆಗೆದುಕೊಳ್ಳೋಣ ಅಂದರು ಡಾಕ್ಟರು. ಸೀರೆಯ ಕೊನೆಯಲ್ಲಿ ಬ್ಲೌಸ್ ಪೀಸ್ ಬಂದಿರುತ್ತದಲ್ಲ, ಹಾಗೆ. ಹೊಕ್ಕುಳ ಕೆಳಗಿನ ಚರ್ಮ ಮತ್ತು ಕೊಬ್ಬನ್ನು ಅದರ ರಕ್ತನಾಳಗಳ ಸಮೇತ ಪೂರ್ತಿ ಕತ್ತರಿಸಿ ಎತ್ತಿ, ಎದೆಯಲ್ಲಿಟ್ಟು, ಪಕ್ಕೆಲುಬಿನ ಸಂದಿಯಲ್ಲಿ ಹರಿಯುವ ನಾಳಗಳಿಗೆ ಮೈಕ್ರೋಸ್ಕೋಪಿನಡಿ ಹೊಲಿಯುತ್ತಾರೆ. ನಾಳದ ದಪ್ಪ ಎರಡು ಮೂರು ಮಿಲಿಮೀಟರ್, ದಾರ ಕೂದಲಿಗಿಂತ ಸಣ್ಣದು. ಸ್ನಾಯುವನ್ನು ಹೊಟ್ಟೆಯಲ್ಲೇ ಬಿಡುತ್ತಾರೆ. ನನಗೆ ಒಂಬತ್ತು ಗಂಟೆ ಹಿಡಿಯಿತು.

ಮಗಳು ಹುಟ್ಟಿದ್ದು ಸಿಸೇರಿಯನ್‌ನಲ್ಲಿ. ಆ ಹಳೇ ಗಾಯದ ಗೆರೆ ಈಗ ಇಲ್ಲ, ಅದನ್ನೂ ಸೇರಿಸಿಕೊಂಡು ಸೊಂಟದ ಈ ಮೂಳೆಯಿಂದ ಆ ಮೂಳೆಯವರೆಗೆ ಹೊಸ ಗೆರೆ ಎಳೆದಿದ್ದಾರೆ. ಹೊಕ್ಕುಳು ಇದ್ದಲ್ಲೇ ಇದೆ, ಅದರ ಸುತ್ತಲಿನ ಚರ್ಮ ಮೇಲಿನಿಂದ ಇಳಿದು ಬಂದದ್ದು. ಹಾಗಾಗಿ ಯಾರೂ ನನಗೆ ಮೊದಲೇ ಸರಿಯಾಗಿ ಹೇಳದೇ ಹೋದ ಸಂಗತಿ ಏನಪ್ಪಾ ಅಂದರೆ, ಕಟ್ಟಿದ್ದು ಎದೆ, ನೋಯೋದು ಹೊಟ್ಟೆ. ಎದೆಯ ಕಡೆ ಒಂದು ಭಾರ ಬಿಟ್ಟರೆ ಏನೂ ಇಲ್ಲ. ಕೆಮ್ಮಿದರೆ, ಸೀನಿದರೆ, ನಕ್ಕರೆ, ಹಾಸಿಗೆಯಿಂದ ಎದ್ದರೆ ಪ್ರಾಣ ಹೋಗೋದು ಹೊಟ್ಟೆಯಲ್ಲಿ. ನೋಡಲು ಬಂದವರು ಕಣ್ಣು ತಪ್ಪಿಸಿಕೊಂಡು ಎದೆಯ ಕಡೆ ನೋಡುತ್ತಿದ್ದರು, ನಾನು ಎರಡೂ ಕೈಯಲ್ಲಿ ಹೊಟ್ಟೆ ಹಿಡಿದುಕೊಂಡು ಕೂತಿರುತ್ತಿದ್ದೆ.

ಅಮ್ಮನಿಗೆ ಅರ್ಥವಾದದ್ದು ಈ ಹೊಟ್ಟೆ. ಮೊಲೆ ಕಟ್ಟಿಸಿಕೊಂಡ ಮಗಳನ್ನು ಹೇಗೆ ನೋಡಿಕೊಳ್ಳಬೇಕು ಅನ್ನೋದು ನಮ್ಮ ವಂಶದಲ್ಲಿ ಯಾರಿಗೂ ಗೊತ್ತಿರಲಿಲ್ಲ, ಗೊತ್ತಿರೋದಾದರೂ ಹೇಗೆ? ಆದರೆ ಹೊಟ್ಟೆ ಕೊಯ್ಸಿಕೊಂಡು, ಹೊಟ್ಟೆ ಕಟ್ಟಿಸಿಕೊಂಡು, ಮುಂದೆ ಗುಂಡಿ ಇರುವ ನೈಟಿ ಹಾಕಿ ಮಲಗಿರುವ ಹೆಂಗಸನ್ನು ನೋಡಿಕೊಳ್ಳೋದು ಅವಳಿಗೆ ಚೆನ್ನಾಗಿ ಗೊತ್ತು. ನನಗೊಂದು, ನನ್ನ ತಂಗಿಯರಿಗೆ ನಾಲ್ಕು, ಅತ್ತಿಗೆಗೆ ಎರಡು ಬಾಣಂತನ ಮಾಡಿದವಳು. ಎರಡನೇ ದಿನವೇ ಕೆಲಸ ಶುರುವಾಯಿತು. ಕಿವಿಗೆ ಹತ್ತಿ, ತಲೆಗೆ ಸ್ಕಾರ್ಫು, ಕಿಟಕಿಗೆ ಕಂಬಳಿ. ಮೆಣಸಿನ ಸಾರು, ಸುಟ್ಟ ಬೆಳ್ಳುಳ್ಳಿ, ಸಬ್ಬಸಿಗೆ ಸೊಪ್ಪಿನ ಪಲ್ಯ, ಅನ್ನದ ಮೇಲೆ ಹೊಳೆಯುವಷ್ಟು ತುಪ್ಪ. ಜನವರಿ ತಿಂಗಳು, ಇಡೀ ತುಮಕೂರು ಅವರೆಕಾಯಿ ವಾಸನೆ ಹೊಡೆಯುತ್ತಿದೆ, ನನಗೆ ಮಾತ್ರ ಒಂದು ಕಾಳೂ ಇಲ್ಲ, ವಾಯುವಂತೆ. ಬದನೆಕಾಯಿ ನಂಜಂತೆ. ಅದರ ಮೇಲೆ ಡಾಕ್ಟರು ಒಂದು ತಿಂಗಳು ಕಾಫಿ ಬೇಡ ಅಂದಿದ್ದರು, ರಕ್ತನಾಳ ಕುಗ್ಗಬಾರದು ಅಂತ. (ಕಾಫಿಯ ವಿಷಯದಲ್ಲಿ ಒಬ್ಬೊಬ್ಬ ಡಾಕ್ಟರದು ಒಂದೊಂದು ಮಾತು. ಬೀಡಿ ಸಿಗರೇಟಿನ ವಿಷಯದಲ್ಲಿ ಎಲ್ಲರದೂ ಒಂದೇ ಮಾತು.) ಬೆಳಗ್ಗೆ ಆರಕ್ಕೆ ನಮ್ಮನೆಯವರು ಲೋಟ ಹಿಡಿದು ಕಳ್ಳನ ಹಾಗೆ ಹಿತ್ತಿಲಿಗೆ ಹೋಗುತ್ತಿದ್ದರು. ವಾಸನೆ ಹಿತ್ತಿಲಲ್ಲಿ ನಿಲ್ಲುತ್ತದೆಯೇ?

"ಅಮ್ಮ, ಇದು ಬಾಣಂತನ ಅಲ್ಲ" ಅಂದೆ ಒಂದಿನ, ಸ್ವಲ್ಪ ಜೋರಾಗಿಯೇ.

"ಮತ್ತಿನ್ನೇನು?" ಅಂದಳು. ನನ್ನ ಹತ್ತಿರ ಅದಕ್ಕೊಂದು ಹೆಸರಿರಲಿಲ್ಲ.

ಅವಳ ಕಡೆಗೂ ನ್ಯಾಯವಿತ್ತು. ಆಸ್ಪತ್ರೆಯ ಮೊದಲ ರಾತ್ರಿ ನನ್ನನ್ನೂ ಬಾಣಂತಿ ಹಾಗೇ ಇಟ್ಟಿದ್ದರು. ಎ.ಸಿ. ಆರಿಸಿ, ಮೇಲೆ ಬಿಸಿಗಾಳಿ ತುಂಬುವ ಹೊದಿಕೆ ಹಾಕಿ. ಚಳಿಯಾದರೆ ನಾಳಗಳು ಮುದುಡುತ್ತವೆ, ಹೊಲಿದ ಜಾಗದಲ್ಲಿ ರಕ್ತ ನಿಲ್ಲುತ್ತದೆ. ಗಂಟೆಗೊಮ್ಮೆ ನರ್ಸ್ ಬಂದು ಹೊಸ ಮೊಲೆಯನ್ನು ಕೈಯಲ್ಲಿ ಮುಟ್ಟಿ ಬೆಚ್ಚಗಿದೆಯಾ, ಒತ್ತಿ ಬಿಟ್ಟರೆ ಬಣ್ಣ ವಾಪಸು ಬರುತ್ತದಾ ಅಂತ ನೋಡುತ್ತಿದ್ದಳು. ಆಮೇಲೆ ಪೆನ್ನಿನಂಥ ಡಾಪ್ಲರ್ ಯಂತ್ರ ಇಟ್ಟು ಒಳಗೆ ರಕ್ತ ಹರಿಯುವ ಸದ್ದು ಕೇಳಿಸುತ್ತಿದ್ದಳು. ಶ್ಶೂ, ಶ್ಶೂ, ಶ್ಶೂ. ಅರೆಮಂಪರಿನಲ್ಲಿ ಆ ಸದ್ದು ಎಲ್ಲೋ ಕೇಳಿದ್ದೀನಲ್ಲ ಅನ್ನಿಸಿತು. 17 ವರ್ಷದ ಹಿಂದೆ, ಇದೇ ಹೊಟ್ಟೆಯ ಮೇಲೆ ಇಂಥದೇ ಯಂತ್ರ ಇಟ್ಟು ಮಗಳ ಗುಂಡಿಗೆ ಕೇಳಿಸಿದ್ದರು.

ಮನೆಗೆ ಬರುವಾಗ ನನ್ನ ಜೊತೆ ಎರಡು ಡ್ರೈನ್ ಬಂದಿದ್ದವು, ಎರಡೂ ಹೊಟ್ಟೆಯವು. ಎದೆಯದನ್ನು ಆಸ್ಪತ್ರೆಯಲ್ಲೇ ತೆಗೆದಿದ್ದರು. ಗೊತ್ತಿಲ್ಲದವರಿಗೆ ಹೇಳುತ್ತೇನೆ: ಗಾಯದೊಳಗೆ ಕೂಡಿಕೊಳ್ಳುವ ರಕ್ತ, ನೀರು ಹೊರಗೆ ಬರಲಿಕ್ಕೆ ಒಂದು ಉದ್ದ ಟ್ಯೂಬು, ಅದರ ತುದಿಗೆ ಅದುಮಿಟ್ಟ ಪ್ಲಾಸ್ಟಿಕ್ ಬುರುಡೆ. ಅದುಮಿದ್ದು ಉಬ್ಬುತ್ತಾ ಉಬ್ಬುತ್ತಾ ಒಳಗಿನದನ್ನು ಎಳೆದುಕೊಳ್ಳುತ್ತದೆ. ದಿನಕ್ಕೆ ಎರಡು ಸಲ ಖಾಲಿ ಮಾಡಿ, ಅಳೆದು, ಬರೆದಿಡಬೇಕು. ಇವನ್ನು ಎಲ್ಲಿ ನೇತು ಹಾಕಿಕೊಳ್ಳೋದು? ಪಿನ್ನು ಹಾಕಿದರೆ ನೈಟಿ ಜಗ್ಗುತ್ತದೆ, ಕೈಯಲ್ಲಿ ಹಿಡಿದರೆ ಕೈ ಹೋಯಿತು. ಅಮ್ಮ ಒಂದು ಗಳಿಗೆ ಯೋಚನೆ ಮಾಡಿ, ಸೊಂಟದಿಂದ ಎಲೆಅಡಿಕೆ ಸಂಚಿ ಬಿಚ್ಚಿದಳು. ಎಲೆ, ಅಡಿಕೆ, ಸುಣ್ಣದ ಡಬ್ಬಿ ಎಲ್ಲ ಸುರುವಿ, ಸಂಚಿಯನ್ನು ಕುದಿಯುವ ನೀರಲ್ಲಿ ಹಾಕಿ, ಡೆಟಾಲ್‌ನಲ್ಲಿ ಅದ್ದಿ, ಬಿಸಿಲಿಗೆ ಹರವಿದಳು. ಸಂಜೆಗೆ ನನ್ನ ಸೊಂಟಕ್ಕೆ ಕಟ್ಟಿದಳು. ಎಡದ ಡ್ರೈನು ಎಲೆಯ ಮಡಿಕೆಯಲ್ಲಿ, ಬಲದ ಡ್ರೈನು ಅಡಿಕೆಯ ಮಡಿಕೆಯಲ್ಲಿ. ಹೇಳಿ ಮಾಡಿಸಿದ ಹಾಗೆ ಕೂತವು.

ಟ್ಯೂಬಿನೊಳಗೆ ರಕ್ತ ಹೆಪ್ಪುಗಟ್ಟಿ ದಾರಿ ಕಟ್ಟಬಾರದು ಅಂತ ಅದನ್ನು ಆಗಾಗ ಹಿಂಡಬೇಕು. ಮೈಯ ಹತ್ತಿರ ಒಂದು ಕೈಯಲ್ಲಿ ಭದ್ರ ಹಿಡಿದು, ಇನ್ನೊಂದು ಕೈಯ ಹೆಬ್ಬೆರಳು ತೋರುಬೆರಳಿನ ನಡುವೆ ಕೆಳಗಿನವರೆಗೆ ಜಾರಿಸಬೇಕು. ನಮ್ಮನೆಯವರು ಮಾಡಿದರೆ ಟ್ಯೂಬೇ ಕಿತ್ತು ಬಂದ ಹಾಗಾಗುತ್ತಿತ್ತು. ಮಗಳು ಕಣ್ಣು ಮುಚ್ಚಿಕೊಂಡು ಮಾಡುತ್ತಿದ್ದಳು. ಅಮ್ಮ ಒಂದು ಸಲ ನೋಡಿದಳು, "ಇತ್ತಗೆ ಕೊಡಿ" ಅಂದಳು. ಐವತ್ತು ವರ್ಷ ಹಸು ಕರೆದ ಕೈ. ನನಗೆ ಗೊತ್ತೇ ಆಗಲಿಲ್ಲ. ಕರೆದದ್ದನ್ನು ಅಳತೆ ಲೋಟಕ್ಕೆ ಬಗ್ಗಿಸಿ ಬೆಳಕಿಗೆ ಹಿಡಿದು "ಇವತ್ತು ತಿಳಿಯಾಗೈತೆ" ಅನ್ನೋಳು. ಲೆಕ್ಕ ಬರೆದದ್ದು ಅಡುಗೆಮನೆ ಕ್ಯಾಲೆಂಡರಿನ ಮೇಲೆ, ಹಾಲಿನ ಲೆಕ್ಕದ ಪಕ್ಕದಲ್ಲಿ. ಅರ್ಧ ಲೀಟರ್, 85. ಅರ್ಧ ಲೀಟರ್, 60. ಒಂದು ಲೀಟರ್ (ನೆಂಟರು ಬಂದಿದ್ದರು), 50. ದಿನಕ್ಕೆ 30 ಎಂಎಲ್‌ಗಿಂತ ಕಡಿಮೆ ಎರಡು ದಿನ ಬಂದರೆ ತೆಗೆಯುತ್ತೇವೆ ಅಂದಿದ್ದರು. ಆ ಎರಡು ದಿನ ಬರಲು ಹದಿನಾರು ದಿನ ಕಾದೆ.

ನೆಂಟರ ವಿಷಯ. ಒಬ್ಬೊಬ್ಬರೂ ಬ್ರೆಡ್ಡು, ಕಿತ್ತಳೆ, ಎಳನೀರು ತಂದರು. ಎಲ್ಲರೂ ಒಂದೇ ಪ್ರಶ್ನೆಯನ್ನು ಬೇರೆ ಬೇರೆ ಬಟ್ಟೆ ತೊಡಿಸಿ ಕೇಳಿದರು: ಈ ವಯಸ್ಸಿಗೆ ಇದು ಬೇಕಿತ್ತಾ? ಕ್ಯಾನ್ಸರ್‌ಗಾದರೆ ಸರಿ, ಜೀವದ ಪ್ರಶ್ನೆ. ಇದು ಯಾಕೆ? ಗಂಡ ಕೇಳಿದನೇ? ಇನ್ಶೂರೆನ್ಸಿನವರೂ ಹೆಚ್ಚುಕಡಿಮೆ ಅದನ್ನೇ ಕೇಳಿದ್ದರು, ಅವರ ಭಾಷೆಯಲ್ಲಿ: ಇದು ಸೌಂದರ್ಯ ಚಿಕಿತ್ಸೆಯೇ? ಅವರಿಗೆ ಉತ್ತರ ಕೊಡೋದು ಸುಲಭವಿತ್ತು. ಇನ್ಶೂರೆನ್ಸ್ ಕಂಪನಿಗಳ ಮೇಲೆ ನಿಗಾ ಇಡುವ ಸರ್ಕಾರಿ ಸಂಸ್ಥೆ ಐಆರ್‌ಡಿಎಐ ಎಲ್ಲ ಪಾಲಿಸಿಗಳಿಗೂ ಒಂದೇ ಥರ ಮಾಡಿರುವ ಹೊರಗಿಡುವ ಪಟ್ಟಿಯ 08ನೇ ಕೋಡಿನಲ್ಲಿ ಸೌಂದರ್ಯಕ್ಕೆ ಮಾಡಿಸುವ ಪ್ಲಾಸ್ಟಿಕ್ ಸರ್ಜರಿಗೆ ದುಡ್ಡಿಲ್ಲ ಅಂತಿದೆ, ಆದರೆ ಅದೇ ಸಾಲಿನಲ್ಲಿ ಅಪಘಾತ, ಸುಟ್ಟಗಾಯ, ಕ್ಯಾನ್ಸರ್ ಆದಮೇಲಿನ ಪುನರ್‌ರಚನೆಯನ್ನು ಬಿಟ್ಟು ಅಂತಲೂ ಇದೆ. ಆ ಸಾಲಿಗೆ ಕೆಂಪು ಗೆರೆ ಎಳೆದು ಕಳಿಸಿದೆವು. ಹನ್ನೊಂದು ದಿನ ಸತಾಯಿಸಿ ಒಪ್ಪಿದರು. ನೆಂಟರಿಗೆ ತೋರಿಸಲು ಅಂಥ ಸಾಲು ನನ್ನ ಹತ್ತಿರ ಇರಲಿಲ್ಲ.

ಇದ್ದದ್ದು ಒಂದು ಸಾಸಿವೆ ಚೀಲ. ಮೊಲೆ ತೆಗೆದ ಮೇಲೆ ಬ್ರಾ ಒಳಗೆ ಇಟ್ಟುಕೊಳ್ಳಲು ಸಿಲಿಕೋನ್‌ದು ಸಿಗುತ್ತದೆ. ನನಗೆ ಅದು ಬೇಸಿಗೆಯಲ್ಲಿ ಬೆವೆತು ಅಂಟುತ್ತಿತ್ತು. ಬರೀ ಹತ್ತಿ ಇಟ್ಟರೆ ಭಾರವಿಲ್ಲದೆ ಕೊರಳವರೆಗೆ ಏರುತ್ತದೆ. ಹತ್ತಿಬಟ್ಟೆಯ ಚೀಲದಲ್ಲಿ ಹತ್ತಿಯ ಜೊತೆ ಒಂದು ಹಿಡಿ ಸಾಸಿವೆ ಹಾಕಿ ಹೊಲಿದುಕೊಂಡೆ. ತೂಕ ಸರಿಹೋಯಿತು. ನಾನು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಪಾಠ ಮಾಡುವವಳು, ಬಲಗೈ ಎತ್ತಿ ಬೋರ್ಡಿನ ಮೇಲೆ ಬರೆದು ಬರೆದು ಒಂದು ದಿನ ಚೀಲದ ಹೊಲಿಗೆ ಬಿಟ್ಟಿತು. ಕಾರಿಡಾರಿನಲ್ಲಿ ನಡೆಯುತ್ತಿದ್ದೇನೆ, ಹಿಂದೆ ಒಬ್ಬ ಹುಡುಗ ಬಗ್ಗಿ ಬಗ್ಗಿ ಏನೋ ಆರಿಸಿಕೊಂಡು ಬರುತ್ತಿದ್ದಾನೆ. ಅಂಗೈ ಚಾಚಿ "ಮಿಸ್, ಸಾಸಿವೆ" ಅಂದ. ಎಂಟನೇ ಕ್ಲಾಸಿನವನು, ಪಾಪ, ನನ್ನ ಬ್ಯಾಗು ಹರಿದಿದೆ ಅಂದುಕೊಂಡಿದ್ದ. ಥ್ಯಾಂಕ್ಸ್ ಅಂತ ಹೇಳಿ ಇಸಿದುಕೊಂಡೆ. ಅದನ್ನು ಎಲ್ಲಿ ಹಾಕಬೇಕೋ ತಿಳಿಯದೆ ಸ್ಟಾಫ್ ರೂಮಿನವರೆಗೂ ಮುಷ್ಟಿಯಲ್ಲೇ ಹಿಡಿದುಕೊಂಡು ಹೋದೆ. ಆ ಶನಿವಾರ ಪ್ಲಾಸ್ಟಿಕ್ ಸರ್ಜನ್ ಹತ್ತಿರ ಅಪಾಯಿಂಟ್‌ಮೆಂಟ್ ತೆಗೆದುಕೊಂಡದ್ದು. ಇದನ್ನೆಲ್ಲ ದೊಡ್ಡಮ್ಮನ ಸೊಸೆಗೆ ಎಳನೀರು ಕುಡಿಯುತ್ತಾ ಹೇಳಲಿಕ್ಕಾಗುತ್ತದೆಯೇ? "ಹೂಂ, ಮಾಡಿಸ್ಕೊಂಡೆ" ಅಂದೆ.

ಹೇಳಲಿಕ್ಕೆ ಪದವೂ ಬೇಕಲ್ಲ. ನಮ್ಮ ಮನೆಗೆ ಬಂದವರಲ್ಲಿ ಒಬ್ಬರೂ ಮೊಲೆ ಅನ್ನಲಿಲ್ಲ. ಎದೆ ಅಂದರು, ಆ ಜಾಗ ಅಂದರು, ಆಪರೇಷನ್ ಆದ ಕಡೆ ಅಂದರು. ಒಬ್ಬರು ಬರೀ "ಅದು" ಅಂದರು. ಹಸುವಿಗೆ, ಎಳೆ ಕೂಸಿಗೆ ಸಲೀಸಾಗಿ ಒದಗುವ ಪದ, ವಚನಕಾರರು ಸಂಕೋಚವಿಲ್ಲದೆ ಬಳಸಿದ ಪದ, ರೋಗಿಗೆ ಮಾತ್ರ ನಿಷಿದ್ಧ. ನಾನೂ ಎರಡು ವರ್ಷ ಡಾಕ್ಟರ ಮುಂದೆ ಬ್ರೆಸ್ಟ್ ಬ್ರೆಸ್ಟ್ ಅಂದುಕೊಂಡೇ ಕಾಲ ಹಾಕಿದವಳು. ಈ ಬರಹದಲ್ಲಿ ಬೇಕಂತಲೇ ಬರೆಯುತ್ತಿದ್ದೇನೆ.

ಹಾಸಿಗೆಯಲ್ಲಿ ಬೆನ್ನಿಗೆ ಮೂರು ದಿಂಬು ಕೊಟ್ಟು ಅರ್ಧ ಕೂತು ಮಲಗುವ ಅವಸ್ಥೆಯಲ್ಲಿ ಮೊಬೈಲ್ ನೋಡುವುದು ಬಿಟ್ಟು ಬೇರೆ ಕೆಲಸವಿಲ್ಲ. ಈ ವಿದ್ಯೆ ಎಲ್ಲಿಂದ ಬಂತು ಅಂತ ಹುಡುಕಿ ಓದಿದೆ. 1895ರಲ್ಲಿ ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿ ವಿನ್ಸೆನ್ಸ್ ಚೆರ್ನಿ ಎಂಬ ವೈದ್ಯ ಒಬ್ಬಾಕೆಯ ಮೈಯಲ್ಲೇ ಬೆಳೆದಿದ್ದ ಕೊಬ್ಬಿನ ಗಂಟನ್ನು ತೆಗೆದು ಮೊಲೆಯ ಜಾಗಕ್ಕಿಟ್ಟನಂತೆ. ಸಿಲಿಕೋನ್ ಬಂದದ್ದು 1962ರಲ್ಲಿ, ಅಮೆರಿಕದ ಹ್ಯೂಸ್ಟನ್‌ನಲ್ಲಿ. ನನಗೆ ಮಾಡಿದ ಥರದ್ದು ಮೊಲೆ ಕಟ್ಟಲು ಬಳಕೆಗೆ ಬಂದದ್ದು 1990ರ ದಶಕದಲ್ಲಿ. ಇವೆಲ್ಲ ಸರಿ. ಆದರೆ ನಾನು ಎದ್ದು ಕೂರುವ ಹಾಗೆ ಮಾಡಿದ್ದು (ಕೂರಲಾಗಲಿಲ್ಲ, ಅದು ಬೇರೆ ಮಾತು) ಕಾವಸ್ಜಿಯ ಕಥೆ. ಮೂರನೇ ಮೈಸೂರು ಯುದ್ಧವನ್ನು ನಾನು ಇಪ್ಪತ್ತು ವರ್ಷದಿಂದ ಪಾಠ ಮಾಡುತ್ತಿದ್ದೇನೆ. 1792ರ ಶ್ರೀರಂಗಪಟ್ಟಣ ಒಪ್ಪಂದ, ಅರ್ಧ ರಾಜ್ಯ, 3 ಕೋಟಿ 30 ಲಕ್ಷ, ಒತ್ತೆಯಿಟ್ಟ ಇಬ್ಬರು ಮಕ್ಕಳು, ಮಕ್ಕಳಿಗೆ ಬಾಯಿಪಾಠ. ಅದೇ ಯುದ್ಧದಲ್ಲಿ ಇಂಗ್ಲಿಷರ ಸೈನ್ಯಕ್ಕೆ ಎತ್ತಿನ ಗಾಡಿ ಹೊಡೆಯುತ್ತಿದ್ದ ಮರಾಠಿ ಮನುಷ್ಯ ಈ ಕಾವಸ್ಜಿ. ಟಿಪ್ಪುವಿನ ಕಡೆಯವರ ಕೈಗೆ ಸಿಕ್ಕು ಮೂಗು, ಒಂದು ಕೈ ಕಳೆದುಕೊಂಡ. ವರ್ಷದ ಮೇಲೆ ಪುಣೆಯ ಹತ್ತಿರ ಇಟ್ಟಿಗೆ ಮಾಡುವ ಜಾತಿಯವನೊಬ್ಬ ಅವನಿಗೆ ಹೊಸ ಮೂಗು ಕಟ್ಟಿಕೊಟ್ಟ. ಮೇಣದ ತೆಳು ಹಾಳೆಯಲ್ಲಿ ಮೂಗಿನ ಅಳತೆ ತೆಗೆದು, ಅದನ್ನು ಹಣೆಯ ಮೇಲೆ ಹರವಿ, ಅಷ್ಟು ಚರ್ಮ ಬಿಡಿಸಿ, ಹುಬ್ಬಿನ ನಡುವೆ ಸಣ್ಣ ಸೇತುವೆ ಉಳಿಸಿಕೊಂಡು ಕೆಳಕ್ಕೆ ತಿರುಗಿಸಿ ಕೂರಿಸಿದ. ಐದಾರು ದಿನ ಅಂಗಾತ ಮಲಗಿಸುತ್ತಾರೆ, ಸುಮಾರು 25ನೇ ದಿನ ಸೇತುವೆ ಕತ್ತರಿಸುತ್ತಾರೆ ಅಂತ 1794ರ ಅಕ್ಟೋಬರ್‌ನಲ್ಲಿ ಲಂಡನ್ನಿನ ಜೆಂಟಲ್‌ಮನ್ಸ್ ಮ್ಯಾಗಜೀನ್‌ನಲ್ಲಿ ಚಿತ್ರ ಸಮೇತ ಬಂತು. ಅದನ್ನು ಓದಿ ಅಲ್ಲಿಯ ವೈದ್ಯರು ಕಲಿತರು.

ಇಷ್ಟು ವರ್ಷ ಒಪ್ಪಂದದ ಕರಾರುಗಳನ್ನು ಮಾತ್ರ ಪಾಠ ಮಾಡಿದೆನಲ್ಲ ಅನ್ನಿಸಿತು. ಆ ಕಾವಸ್ಜಿ ಆರನೇ ದಿನ ಎದ್ದು ಮನೆಗೆ ಹೋದಾಗ ಯಾರು ನೋಡಿಕೊಂಡರು, ಏನು ಉಣ್ಣಿಸಿದರು ಅನ್ನೋದು ಎಲ್ಲೂ ಬರೆದಿಲ್ಲ. ಒಂದೇ ಕೈ ಬೇರೆ.

ಈಗ ಬಿಸಿನೀರಿನ ಚೀಲದ ಪ್ರಸಂಗ. ಹನ್ನೆರಡನೇ ರಾತ್ರಿಯೋ ಹದಿಮೂರನೆಯದೋ. ಬಗ್ಗಿ ನಡೆದು ನಡೆದು ಸೊಂಟ ಹಿಡಿದುಕೊಂಡಿತ್ತು. ಅಮ್ಮ ರಬ್ಬರ್ ಚೀಲಕ್ಕೆ ಬಿಸಿನೀರು ತುಂಬಿ, ಟವೆಲ್ ಸುತ್ತಿ, ಪಕ್ಕಕ್ಕೆ ಇಟ್ಟಳು. ಹಾಯೆನಿಸಿ ನಿದ್ದೆ ಹೋದೆ. ನಿದ್ದೆಯಲ್ಲಿ ಚೀಲ ಜಾರಿತೋ, ನಾನೇ ಎಳೆದುಕೊಂಡೆನೋ, ಟವೆಲ್ಲು ಎಲ್ಲಿ ಹೋಯಿತೋ. ಬೆಳಗ್ಗೆ ಮಗಳು ಡ್ರೆಸ್ಸಿಂಗ್ ನೋಡಲು ಗುಂಡಿ ಬಿಚ್ಚಿದವಳು ಸುಮ್ಮನೆ ನಿಂತುಬಿಟ್ಟಳು. ಹೊಸ ಮೊಲೆಯ ಕೆಳಭಾಗದಲ್ಲಿ ಐದು ರೂಪಾಯಿ ನಾಣ್ಯದಷ್ಟು ಬೊಬ್ಬೆ. ನನಗೆ ಒಂದಿಷ್ಟೂ ಗೊತ್ತಾಗಿರಲಿಲ್ಲ.

ಡಿಸ್ಚಾರ್ಜ್ ಹಾಳೆಯ ಮೂರನೇ ಪುಟದಲ್ಲಿ ಇತ್ತು: ಬಿಸಿನೀರಿನ ಚೀಲ, ಹೀಟಿಂಗ್ ಪ್ಯಾಡ್ ಇಡಬಾರದು. ರಕ್ತನಾಳ ಹೊಲಿಯುತ್ತಾರೆ, ಚರ್ಮದ ನರಗಳು ಕತ್ತರಿಸಿಯೇ ಹೋಗಿರುತ್ತವೆ. ಅಂಚಿನಿಂದ ಸ್ವಲ್ಪ ಸ್ವಲ್ಪ ಸ್ಪರ್ಶ ವಾಪಸು ಬರಬಹುದು, ತಿಂಗಳುಗಟ್ಟಲೆ, ವರ್ಷಗಟ್ಟಲೆ ಹಿಡಿಯುತ್ತದೆ, ಮೊದಲಿನ ಹಾಗಂತೂ ಆಗುವುದಿಲ್ಲ. ಕುದಿವ ಎಣ್ಣೆ ಸಿಡಿದರೂ ತಿಳಿಯುವುದಿಲ್ಲ. ಹಾಳೆ ಇಂಗ್ಲಿಷಿನಲ್ಲಿತ್ತು. ಓದಬಲ್ಲವರು ನಾವು ಮೂವರಿದ್ದೆವು. ಮಾತ್ರೆಯ ಪುಟ ಓದಿ ಉಳಿದದ್ದನ್ನು ಮಡಚಿ ಫ್ರಿಜ್ ಮೇಲಿಟ್ಟಿದ್ದೆವು.

ಮತ್ತೆ 70 ಕಿಲೋಮೀಟರ್. ಮೇಲುಮೇಲಿನ ಸುಟ್ಟಗಾಯ, ಒಳಗಿನ ರಕ್ತ ಓಡಾಟಕ್ಕೆ ತೊಂದರೆಯಿಲ್ಲ ಅಂದರು. ಮುಲಾಮು ಕೊಟ್ಟರು. ಅಮ್ಮ ಆ ದಿನ ಊಟ ಮಾಡಲಿಲ್ಲ. ರಬ್ಬರ್ ಚೀಲವನ್ನು ಕತ್ತರಿಯಲ್ಲಿ ಕತ್ತರಿಸಿ ಕಸಕ್ಕೆ ಹಾಕಿದ್ದಳು. ರಾತ್ರಿ ದೀಪ ಆರಿಸಿದ ಮೇಲೆ ಕೆಳಗೆ ಚಾಪೆಯಿಂದ ಕೇಳಿದಳು: "ಒಂಚೂರೂ ಉರೀಲಿಲ್ವೇನೆ?"

"ಇಲ್ಲಮ್ಮ."

ತುಂಬಾ ಹೊತ್ತು ಸುಮ್ಮನಿದ್ದು, "ಸುಟ್ರೂ ಉರೀದೇ ಇದ್ರೆ, ಅದು ನಿಂದು ಹೆಂಗಾಗುತ್ತೆ ಮಗ?" ಅಂದಳು.

ವ್ಯಂಗ್ಯವಿರಲಿಲ್ಲ ಮಾತಿನಲ್ಲಿ. ಗೊತ್ತಿಲ್ಲದೆ ಕೇಳಿದ್ದಳು. ನಾನೂ ಕನ್ನಡಿ ಮುಂದೆ ಅದನ್ನೇ ಕೇಳಿಕೊಳ್ಳುತ್ತಿದ್ದೆ. ಆಕಾರ ಬಂದಿದೆ, ಭಾರ ಇದೆ, ನನ್ನ ತೂಕ ಹೆಚ್ಚಿದರೆ ಅದೂ ಹೆಚ್ಚುತ್ತದಂತೆ, ಇಳಿದರೆ ಇಳಿಯುತ್ತದಂತೆ. ಕೈಗೆ ಮೊಲೆ ಸಿಗುತ್ತದೆ, ಮೊಲೆಗೆ ಕೈ ಸಿಗುವುದಿಲ್ಲ. ಒಂದು ಕಡೆಯ ಫೋನು ಮಾತ್ರ ಕೆಲಸ ಮಾಡಿದ ಹಾಗೆ. ಉತ್ತರ ಕೊಡಲಿಲ್ಲ. ನಿದ್ದೆ ಬಂದವಳ ಹಾಗೆ ಇದ್ದುಬಿಟ್ಟೆ.

ಅಲ್ಲಿಯವರೆಗೆ ಅಮ್ಮ ಹೊಟ್ಟೆಯನ್ನು ನೋಡಿದ್ದಳು, ಮೊಲೆಯನ್ನು ನೋಡಿರಲಿಲ್ಲ. ಡ್ರೆಸ್ಸಿಂಗಿನ ಹೊತ್ತಿಗೆ ಹಾಲು ಉಕ್ಕುತ್ತದೆ ಅಂತಲೋ ಹೂ ಬಂತು ಅಂತಲೋ ಎದ್ದು ಹೋಗುತ್ತಿದ್ದಳು. ಮುಲಾಮು ಹಚ್ಚುವ ಕೆಲಸ ಮಾತ್ರ ತಾನೇ ಮಾಡುತ್ತೇನೆ ಅಂತ ಹಟ ಹಿಡಿದಳು, ತಪ್ಪು ತನ್ನದು ಅಂತ. ಕನ್ನಡಕ ಹಾಕಿಕೊಂಡು, ಕಿಟಕಿಯ ಕಂಬಳಿ ಸರಿಸಿ, ಹತ್ತಿರ ಬಗ್ಗಿದಳು. ಸಪಾಟಾದ ತುದಿ, ತೊಟ್ಟು ಇನ್ನೂ ಇಲ್ಲ, ಅದು ಆಮೇಲಿನ ಆಪರೇಷನ್. ಸುತ್ತ ಹೊಲಿಗೆಯ ಗೆರೆ. ಆ ಗೆರೆಯೊಳಗಿನ ಚರ್ಮದ ಮೇಲೆ ಬಿಳಿ ಬಿಳಿ ಎಳೆಗಳು, ಬಸುರಿಯಾಗಿದ್ದಾಗ ಹೊಟ್ಟೆ ಬಿರಿದು ಆದವು, ಈಗ ಎದೆಗೆ ಬಂದಿವೆ. ಅಮ್ಮನ ಬೆರಳು ಒಂದು ಕಡೆ ನಿಂತಿತು. ನನಗೆ ತಿಳಿದದ್ದು ಕಣ್ಣಿನಿಂದ, ಚರ್ಮದಿಂದಲ್ಲ.

"ಇದು ಹೊಕ್ಕುಳ ಕೆಳಗಿನ ಮಚ್ಚೆ ಅಲ್ವೇನೆ?"

ನೋಡಿದೆ. ಹೌದು. ಎಳ್ಳಿನಷ್ಟು ಕರೀ ಮಚ್ಚೆ. ನಾನೇ ಗಮನಿಸಿರಲಿಲ್ಲ.

"ಎಣ್ಣೆ ಹಚ್ಚಿ ಎರೀವಾಗ ದಿನಾ ನೋಡ್ತಿದ್ದೆ. ನಿಮ್ಮಜ್ಜಿ ಕೊಳೆ ಅಂತ ತಿಕ್ಕಿ ತಿಕ್ಕಿ ನಿನ್ನ ಅಳಿಸ್ಬಿಟ್ಟಿದ್ಲು." ಮುಲಾಮು ಹಚ್ಚುತ್ತಲೇ ಹೇಳಿದಳು. ಮುಚ್ಚಳ ಮುಚ್ಚಿ, ಕೈ ಸೆರಗಿಗೆ ಒರೆಸಿಕೊಂಡು, "ನಿಂದೇ ಬಿಡು" ಅಂದು ಅಡುಗೆಮನೆಗೆ ಹೋದಳು.

ಆಮೇಲಿನ ದಿನಗಳು ಬೇಗ ಹೋದವು. ಸಂಕ್ರಾಂತಿಗೆ ತಿಪಟೂರಿನ ಕೊಬ್ಬರಿ ಬಂತು. ಹಾಸಿಗೆಯ ಪಕ್ಕ ಕೂತು ಅಮ್ಮ ಸಣ್ಣಗೆ ಹೆಚ್ಚಿದಳು, ಎಳ್ಳು ಬೀರಲು ಮಗಳು ಒಬ್ಬಳೇ ಹೋದಳು. ಮೂರನೇ ವಾರದ ಕೊನೆಗೆ ನಾನು ನೆಟ್ಟಗಾದೆ. ಬಾಗಿಲ ಚೌಕಟ್ಟಿನಲ್ಲಿ ಮಗಳ ಎತ್ತರ ಗುರುತು ಹಾಕಿದ್ದ ಹಳೇ ಪೆನ್ಸಿಲ್ ಗೆರೆಗಳಿದ್ದವು. ಬಲಗೈ ಬೆರಳುಗಳನ್ನು ಇರುವೆ ಹತ್ತಿದ ಹಾಗೆ ಚೌಕಟ್ಟಿನ ಮೇಲೆ ಹತ್ತಿಸುತ್ತಾ, ಅವಳ ಮೂರನೇ ಕ್ಲಾಸಿನ ಗೆರೆಯಿಂದ ಎಂಟನೇ ಕ್ಲಾಸಿನ ಗೆರೆಗೆ ಬರಲು ಹತ್ತು ದಿನ ಬೇಕಾಯಿತು. ಆರು ವಾರ ಎರಡು ಕೆ.ಜಿ.ಗಿಂತ ಹೆಚ್ಚು ಎತ್ತುವಂತಿಲ್ಲ, ಕುಕ್ಕರ್ ಇಲ್ಲ, ಬಿಂದಿಗೆ ಇಲ್ಲ, ಮುದ್ದೆ ತಿರುವುವಂತಿಲ್ಲ. ಅಮ್ಮನಿಗೂ ಭುಜ ನೋವು. ಒಂದು ದಿನ ನಮ್ಮನೆಯವರು ಪಂಚೆ ಎತ್ತಿ ಕಟ್ಟಿಕೊಂಡು ಮುದ್ದೆ ಕೋಲು ಹಿಡಿದರು. ಊಟಕ್ಕೆ ಕೂತು ಮೊದಲ ತುತ್ತು ಮುರಿದ ಅಮ್ಮ, "ಏನಪ್ಪಾ ಇದು, ಬರೀ ಗಂಟು!" ಅಂದುಬಿಟ್ಟಳು.

ಆ ಪದ ನಮ್ಮ ಮನೆಯಲ್ಲಿ ಎರಡು ವರ್ಷದಿಂದ ಯಾರೂ ಆಡಿರಲಿಲ್ಲ. ಮುದ್ದೆಯ ವಿಷಯದಲ್ಲೂ ಆಡಿರಲಿಲ್ಲ, ದಾರದ ವಿಷಯದಲ್ಲೂ. ತುತ್ತು ಕೈಯಲ್ಲೇ ಉಳಿಯಿತು ಎಲ್ಲರದೂ. ಮಗಳು ನನ್ನ ಮುಖ ನೋಡಿದಳು. ನಮ್ಮನೆಯವರು ಪೆಚ್ಚಾಗಿ, "ತೆಗೆಸಿಬಿಡೋಣ ಬಿಡಿ" ಅಂದರು. ನನಗೆ ನಗು ತಡೆಯಲಾಗಲಿಲ್ಲ, ಹೊಟ್ಟೆ ಹಿಡಿದುಕೊಂಡು, ಅಯ್ಯೋ ನೋವು ನೋವು ಅಂತ ಕೂಗಿಕೊಂಡು ನಕ್ಕೆ.

ಅಮ್ಮ ಊರಿಗೆ ಹೊರಡುವ ಹಿಂದಿನ ಸಂಜೆ. ಕರೆಂಟು ಹೋಗಿತ್ತು. ಬೊಬ್ಬೆ ಮಾಗಿ ಗುಲಾಬಿ ಕಲೆ ಉಳಿದಿತ್ತು, ಅದಕ್ಕೆ ಗಾಳಿಯಾಡಲಿ ಅಂತ ಗುಂಡಿ ಬಿಚ್ಚಿ ಕೂತಿದ್ದೆ. ಅಮ್ಮ ಎದುರಿಗೆ ಸೊಪ್ಪು ಬಿಡಿಸುತ್ತಿದ್ದವಳು ತಟಕ್ಕನೆ ಕೈ ಎತ್ತಿದಳು. ಹೊಡೆಯಲು ಬಂದ ಕೈ ಅರ್ಧದಲ್ಲೇ ನಿಂತಿತು. ಹೊಸ ಮೊಲೆಯ ಮೇಲೆ ಸೊಳ್ಳೆ. ಕೂತು ತುಂಬಾ ಹೊತ್ತಾಗಿರಬೇಕು, ಹೊಟ್ಟೆ ಕೆಂಪಗೆ ತುಂಬಿಕೊಂಡಿತ್ತು.

"ಕಚ್ತಿರೋದು ಗೊತ್ತಾಗಲ್ವಾ?"

"ಇಲ್ಲ. ಆದ್ರೆ ನೋಡಮ್ಮ, ರಕ್ತ."

ಇಬ್ಬರೂ ಬಗ್ಗಿ ನೋಡಿದೆವು. ಡಾಪ್ಲರ್ ಇಟ್ಟು ಕೇಳಿದ ನರ್ಸೂ ಇಷ್ಟು ಗಮನ ಕೊಟ್ಟಿರಲಿಕ್ಕಿಲ್ಲ. ಅದು ಕುಡಿದು ಮುಗಿಸಿ, ಭಾರಕ್ಕೆ ಓಲಾಡಿಕೊಂಡು ಮೇಲೆದ್ದಿತು. ಆಗ ಅಮ್ಮ ಎರಡೂ ಕೈ ಸೇರಿಸಿ ಚಟ್ಟನೆ ಹೊಡೆದಳು. ಅಂಗೈ ತೋರಿಸಿದಳು. ಕೆಂಪಗಿತ್ತು.

ಮಾರನೇ ದಿನ ಸಂಚಿಯನ್ನು ಇನ್ನೊಮ್ಮೆ ಕುದಿಸಿ, ಒಣಗಿಸಿ, ಎಲೆ ಅಡಿಕೆ ತುಂಬಿಕೊಂಡು ರೈಲು ಹತ್ತಿದಳು. ಹೊಸದು ಕೊಡಿಸುತ್ತೇನೆ ಅಂದರೆ ಕೇಳಲಿಲ್ಲ. ನಿನ್ನೆ ಫೋನು ಮಾಡಿದ್ದಳು. ಅವರೆಕಾಯಿ ಮುಗೀತು, ಮುಂದಿನ ವರ್ಷಕ್ಕೆ ತಿನ್ನುವಿಯಂತೆ ಅಂದಳು. ಆಮೇಲೆ, "ಯಾವ ಎಲೆ ಹಾಕ್ಕೊಂಡ್ರೂ ನಿಮ್ಮ ಆಸ್ಪತ್ರೆ ವಾಸ್ನೇನೇ ಬರುತ್ತೆ ಕಣೆ" ಅಂತ ಬೈದು ಇಟ್ಟಳು.